ಏಕಕಾಲಿಕ ಫೈಲ್ ಸಂಸ್ಕರಣೆ

ಹಲವು ಫೈಲುಗಳನ್ನು, ಇಲ್ಲವೆ ಒಂದೇ ದೊಡ್ಡ ಫೈಲಿನ ಹಲವು ತುಂಡುಗಳನ್ನು, ಒಂದಾದ ಮೇಲೊಂದರಂತೆ ಸರದಿಯಲ್ಲಿ ನಿಲ್ಲಿಸದೆ ಒಟ್ಟೊಟ್ಟಿಗೆ ಓದಿ, ಲೆಕ್ಕ ಹಾಕಿ, ಬರೆದಿಡುವಂತೆ ಕಂಪ್ಯೂಟರ್ ಪ್ರೋಗ್ರಾಮನ್ನು ಹೆಣೆಯುವ ವಿಧಾನ. ಉಪಗ್ರಹ ಚಿತ್ರ, ಹವಾಮಾನದ ದಾಖಲೆ, ಸ್ಕ್ಯಾನ್ ಮಾಡಿದ ಪುಟ, ಬ್ಯಾಂಕಿನ ದಿನದ ಲೆಕ್ಕ, ವಿಡಿಯೊ ತುಣುಕು, ಹೀಗೆ ಫೈಲುಗಳು ಸಾವಿರಗಟ್ಟಲೆ ಬಂದು ಸೇರುವ ಕಡೆಯೆಲ್ಲ ಇದರ ಬಳಕೆ ಇದೆ. ಹೆಚ್ಚು ಕೈ ಹಚ್ಚಿದರೆ ಕೆಲಸ ಬೇಗ ಮುಗಿಯುತ್ತದೆ ಎಂಬುದು ಇದರ ಹಿಂದಿನ ಸರಳ ಎಣಿಕೆ. ಎಣಿಕೆ ಅರ್ಧ ಮಾತ್ರ ಸರಿ. ಪ್ರೋಗ್ರಾಂ ಯಾವುದಕ್ಕಾಗಿ ಕಾಯುತ್ತಿದೆ ಎಂದು ತಿಳಿಯದೆ ಕೈಗಳನ್ನು ಹೆಚ್ಚಿಸಿದರೆ ಕೆಲಸ ಮೊದಲಿಗಿಂತ ನಿಧಾನವಾಗುವುದೂ ಉಂಟು.

ಭಾರತದಲ್ಲಿ ಇಂಥ ಕೆಲಸ ದಟ್ಟವಾಗಿರುವ ಊರುಗಳಲ್ಲಿ ನಾಗಪುರ ಒಂದು. ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಬ್ಯೂರೋದ (ಸ್ಥಾಪನೆ 1976) ಪ್ರಧಾನ ಕಚೇರಿ ಮತ್ತು ಇಸ್ರೊದ ಮಧ್ಯವಲಯ ಪ್ರಾದೇಶಿಕ ದೂರಸಂವೇದಿ ಕೇಂದ್ರ ಎರಡೂ ಇಲ್ಲಿನ ಅಮರಾವತಿ ರಸ್ತೆಯಲ್ಲಿವೆ. ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ, ಪರಿಸರ ಎಂಜಿನಿಯರಿಂಗ್ ಸಂಶೋಧನೆಯ ನೀರಿ (1958), ಭಾರತೀಯ ಗಣಿ ಬ್ಯೂರೋದ ಪ್ರಧಾನ ಕಚೇರಿ, ಹವಾಮಾನ ಇಲಾಖೆಯ ಪ್ರಾದೇಶಿಕ ಕೇಂದ್ರ ಇವೂ ಇದೇ ಊರಿನವು. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ 1960ರಲ್ಲಿ ಆರಂಭವಾದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು, ಈಗಿನ ವಿಎನ್‌ಐಟಿ, ಇಲ್ಲಿಯೇ ಇದೆ. ಮಣ್ಣು, ಬೆಳೆ, ಗಣಿ, ಗಾಳಿ, ಮಳೆ ಇವುಗಳನ್ನು ಅಳೆಯುವ ಇಷ್ಟು ಸಂಸ್ಥೆಗಳು ಒಂದೇ ಊರಿನಲ್ಲಿ ಸೇರಿರುವುದರಿಂದ, ಏಕಕಾಲಿಕ ಸಂಸ್ಕರಣೆಯ ಲಾಭವನ್ನೂ ತೊಡಕುಗಳನ್ನೂ ವಿವರಿಸಲು ಈ ಊರಿನ ಸುತ್ತಣ ವಿದರ್ಭ ಪ್ರದೇಶದ ಉಪಗ್ರಹ ಚಿತ್ರಗಳಿಗಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ.

ಹಿನ್ನೆಲೆ

ಟೇಪು ಸುತ್ತುವ ತನಕ ಪ್ರೊಸೆಸರ್ ಸುಮ್ಮನೆ ಕೂರುವುದು ದುಬಾರಿ ಎಂಬ ಅರಿವು ಕಂಪ್ಯೂಟರಿನಷ್ಟೇ ಹಳೆಯದು. 1958ರ ಐಬಿಎಂ 709 ಯಂತ್ರದಲ್ಲಿ ಓದು-ಬರಹವನ್ನು ನೋಡಿಕೊಳ್ಳಲು ಪ್ರತ್ಯೇಕ ಚಾನೆಲುಗಳಿದ್ದವು. ಒಂದು ಕಡೆ ದತ್ತಾಂಶ ಬರುತ್ತಿರುವಾಗಲೇ ಇನ್ನೊಂದು ಕಡೆ ಲೆಕ್ಕ ನಡೆಯಬಹುದಿತ್ತು. 1962ರಲ್ಲಿ ಮ್ಯಾಂಚೆಸ್ಟರಿನ ಅಟ್ಲಾಸ್ ಯಂತ್ರ ಹಲವು ಕೆಲಸಗಳನ್ನು ಮೆಮೊರಿಯಲ್ಲಿ ಒಟ್ಟಿಗೆ ಇಟ್ಟುಕೊಂಡು, ಒಂದು ಕಾಯುವಾಗ ಇನ್ನೊಂದನ್ನು ಓಡಿಸಿತು. ಒಂದೇ ವಸ್ತುವಿಗೆ ಇಬ್ಬರು ಒಟ್ಟಿಗೆ ಕೈ ಹಾಕಿದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಎಡ್ಸ್‌ಗರ್ ಡೈಕ್‌ಸ್ಟ್ರಾ 1965ರಲ್ಲಿ ಉತ್ತರ ಬರೆದರು. ಒಬ್ಬರು ಮುಗಿಸುವ ತನಕ ಇನ್ನೊಬ್ಬರನ್ನು ತಡೆದು ನಿಲ್ಲಿಸುವ ಲಾಕು, ಸೆಮಾಫೋರುಗಳ ವಂಶವೆಲ್ಲ ಅಲ್ಲಿಂದ ಬೆಳೆದದ್ದು. 1973ರಲ್ಲಿ ಯುನಿಕ್ಸ್‌ಗೆ ಡಗ್ ಮೆಕಿಲ್ರಾಯ್ ಅವರ ಒತ್ತಾಯದಿಂದ ಪೈಪ್ ಸೇರಿತು. ಒಂದು ಆದೇಶ ಉಗುಳಿದ್ದನ್ನು ಮುಂದಿನದು ಆಗಲೇ ನುಂಗುತ್ತ ಹೋಗುವ ಈ ಏರ್ಪಾಟು, ಬಳಸುವವರಿಗೆ ಗೊತ್ತಾಗದಂತೆ ಏಕಕಾಲಿಕ ಕೆಲಸವನ್ನು ಮನೆಮಾತಾಗಿಸಿತು.

ಆದರೂ ದಶಕಗಳ ಕಾಲ ಸಾಮಾನ್ಯ ಪ್ರೋಗ್ರಾಮರಿಗೆ ಇದರ ಗೊಡವೆ ಬೇಕಿರಲಿಲ್ಲ. ಎರಡು ವರ್ಷ ಕಾದು ಹೊಸ ಯಂತ್ರ ಕೊಂಡರೆ ಅದೇ ಹಳೆಯ ಪ್ರೋಗ್ರಾಂ ತಾನಾಗಿಯೇ ವೇಗವಾಗುತ್ತಿತ್ತು. ಪ್ರೊಸೆಸರಿನ ಗಡಿಯಾರ ಹೆಚ್ಚಿಸಿದಷ್ಟೂ ಬಿಸಿ ತಡೆಯಲಾರದೆ ಹೋದಾಗ ಈ ಸುಖ ನಿಂತಿತು. ಐಬಿಎಂ 2001ರಲ್ಲಿ ಪವರ್4 ಚಿಪ್ಪಿನೊಳಗೆ ಎರಡು ಕೋರ್, ಅಂದರೆ ಲೆಕ್ಕ ಮಾಡುವ ಎರಡು ಘಟಕ, ಇಟ್ಟಿತು; 2005ರಲ್ಲಿ ಇಂಟೆಲ್, ಎಎಂಡಿ ಎರಡೂ ಮೇಜಿನ ಮೇಲಿನ ಕಂಪ್ಯೂಟರಿಗೆ ಅದನ್ನೇ ತಂದವು. ಗೂಗಲ್‌ನ ಜೆಫ್ರಿ ಡೀನ್ ಮತ್ತು ಸಂಜಯ್ ಘೇಮಾವತ್ 2004ರಲ್ಲಿ ಪ್ರಕಟಿಸಿದ ಮ್ಯಾಪ್‌ರೆಡ್ಯೂಸ್ ಪ್ರಬಂಧ ಇದೇ ವಿಚಾರವನ್ನು ಸಾವಿರಾರು ಯಂತ್ರಗಳಿಗೆ ಹಿಗ್ಗಿಸಿತು.

ಕಾಯುವ ಕೆಲಸ, ಎಣಿಸುವ ಕೆಲಸ

ಫೈಲ್ ಸಂಸ್ಕರಣೆಯಲ್ಲಿ ಸಮಯ ಎರಡು ಕಡೆ ಹೋಗುತ್ತದೆ. ಡಿಸ್ಕಿನಿಂದಲೋ ನೆಟ್‌ವರ್ಕಿನಿಂದಲೋ ದತ್ತಾಂಶ ಬರಲೆಂದು ಕಾಯುವುದು ಒಂದು. ಬಂದದ್ದನ್ನು ಬಿಚ್ಚಿ, ಎಣಿಸಿ, ಮತ್ತೆ ಕಟ್ಟುವುದು ಇನ್ನೊಂದು. ಕಾಯುವುದೇ ಹೆಚ್ಚಾಗಿದ್ದರೆ ಒಂದೇ ಕೋರ್ ಸಾಕು: ಹಾಲು ಕಾಯುವ ತನಕ ಅದೇ ಅಡಿಗೆಯವರು ತರಕಾರಿ ಹೆಚ್ಚುವಂತೆ, ಒಂದು ಫೈಲಿಗೆ ಕಾಯುವಾಗ ಪ್ರೊಸೆಸರ್ ಇನ್ನೊಂದನ್ನು ಎತ್ತಿಕೊಳ್ಳುತ್ತದೆ. ಎಣಿಸುವುದೇ ಹೆಚ್ಚಾಗಿದ್ದರೆ ನಿಜವಾಗಿ ಹಲವು ಕೋರುಗಳು ಬೇಕು. ಮೊದಲ ಬಗೆಗೆ ಥ್ರೆಡ್ಡುಗಳು (ಒಂದೇ ಪ್ರೋಗ್ರಾಮಿನೊಳಗೆ ಮೆಮೊರಿ ಹಂಚಿಕೊಂಡು ಓಡುವ ಎಳೆಗಳು) ಅಥವಾ ಕಾಯುತ್ತ ನಿಲ್ಲದೆ ಮುಂದಿನ ಕೆಲಸಕ್ಕೆ ಹೋಗುವ ಅಸಿಂಕ್ ವಿಧಾನ, ಎರಡನೆಯದಕ್ಕೆ ತಮ್ಮದೇ ಮೆಮೊರಿಯುಳ್ಳ ಪ್ರತ್ಯೇಕ ಪ್ರೊಸೆಸ್‌ಗಳು ಎಂಬುದು ರೂಢಿಯ ಸೂತ್ರ. ಯಾವುದು ಎಷ್ಟು ಎಂದು ಊಹಿಸುವುದಕ್ಕಿಂತ ಅಳೆಯುವುದು ಮೇಲು. ಲಿನಕ್ಸ್‌ನಲ್ಲಿ ಟಾಪ್, ಐಒಸ್ಟ್ಯಾಟ್ ಎಂಬ ಸಣ್ಣ ಆದೇಶಗಳೇ ಪ್ರೊಸೆಸರ್ ದುಡಿಯುತ್ತಿದೆಯೋ ಡಿಸ್ಕಿನ ಬಾಗಿಲಲ್ಲಿ ನಿಂತಿದೆಯೋ ಎಂದು ಹೇಳುತ್ತವೆ. ಅಳೆಯುವಾಗಲೂ ಒಂದು ಮೋಸವಿದೆ. ಒಮ್ಮೆ ಓದಿದ ಫೈಲನ್ನು ಆಪರೇಟಿಂಗ್ ಸಿಸ್ಟಂ ಮೆಮೊರಿಯಲ್ಲಿ ಉಳಿಸಿಕೊಳ್ಳುವುದರಿಂದ ಎರಡನೆಯ ಓಟ ಸಾಮಾನ್ಯವಾಗಿ ವೇಗವಾಗಿ ಕಾಣುತ್ತದೆ. ಹಳೆಯ ವಿಧಾನವನ್ನು ಮೊದಲು, ಹೊಸದನ್ನು ಆಮೇಲೆ ಓಡಿಸಿ, ಬಂದ ವ್ಯತ್ಯಾಸವನ್ನೆಲ್ಲ ತಮ್ಮ ಜಾಣ್ಮೆಯ ಲೆಕ್ಕಕ್ಕೆ ಬರೆದುಕೊಂಡವರಿಗೆ ಕೊರತೆಯಿಲ್ಲ.

ಡಿಸ್ಕಿನ ಜಾತಿಯೂ ಮುಖ್ಯ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ತಿರುಗಿ ಬರಲು ಸರಾಸರಿ ಅದರ ಅರ್ಧ, ಓದುವ ತಲೆ ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು ಎಂಟೊಂಬತ್ತು ಮಿಲಿಸೆಕೆಂಡ್. ಅಲ್ಲಲ್ಲಿ ಚದುರಿದ ಜಾಗಗಳಿಂದ ಓದುವುದಾದರೆ ಸೆಕೆಂಡಿಗೆ ಎಂಬತ್ತರ ಆಸುಪಾಸು ಓದಷ್ಟೇ ಸಾಧ್ಯ. ಇಂಥ ಡಿಸ್ಕಿನ ಮೇಲೆ ಎಂಟು ಜನ ಒಟ್ಟಿಗೆ ಎಂಟು ದೊಡ್ಡ ಫೈಲು ಓದತೊಡಗಿದರೆ ತಲೆ ಅತ್ತಿಂದಿತ್ತ ಓಡಾಡುವುದರಲ್ಲೇ ಹೊತ್ತು ಕಳೆಯುತ್ತದೆ. ಒಬ್ಬನೇ ಸಾಲಾಗಿ ಓದಿ ಉಳಿದವರಿಗೆ ಹಂಚುವುದು ಲೇಸು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅಂಥ ಡಿಸ್ಕುಗಳಿಗೆಂದೇ 2011ರಲ್ಲಿ ಬಂದ ಎನ್‌ವಿಎಂಇ ನಿಯಮಾವಳಿ ಅರವತ್ತೈದು ಸಾವಿರದಷ್ಟು ಸರದಿಗಳಿಗೆ ಅವಕಾಶ ಕೊಟ್ಟಿದೆ. ಹಳೆಯ ಸಾಟಾ ಡಿಸ್ಕಿಗೆ ಇದ್ದದ್ದು ಒಂದೇ ಸರದಿ, ಅದರಲ್ಲಿ 32 ಆದೇಶ. ಎನ್‌ವಿಎಂಇ ಡಿಸ್ಕಿಗೆ ಒಂದೊಂದೇ ಓದು ಕೇಳುವ ಪ್ರೋಗ್ರಾಂ ಅದರ ಶಕ್ತಿಯ ಬಹುಪಾಲನ್ನು ಮುಟ್ಟುವುದೇ ಇಲ್ಲ.

ಎಷ್ಟು ಕೋರ್ ಹಾಕಿದರೂ ವೇಗಕ್ಕೆ ಮಿತಿಯಿದೆ ಎಂದು ಜೀನ್ ಆಮ್ಡಾಲ್ 1967ರಲ್ಲಿ ತೋರಿಸಿದರು. ಕೆಲಸದ ನೂರಕ್ಕೆ ತೊಂಬತ್ತು ಪಾಲು ಹಂಚಬಹುದಾಗಿದ್ದು, ಹತ್ತು ಪಾಲು ಒಬ್ಬರೇ ಮಾಡಬೇಕಾದದ್ದು ಎಂದಿಟ್ಟುಕೊಳ್ಳಿ. ಎಂಟು ಕೋರಿಗೆ ವೇಗ 4.7 ಪಟ್ಟು, ಹದಿನಾರಕ್ಕೆ 6.4 ಪಟ್ಟು, ಸಾವಿರ ಕೋರ್ ಹಾಕಿದರೂ ಹತ್ತು ಪಟ್ಟು ದಾಟದು. ಜಾನ್ ಗುಸ್ತಾಫ್ಸನ್ 1988ರಲ್ಲಿ ಇದಕ್ಕೆ ಇನ್ನೊಂದು ಮಗ್ಗುಲು ತೋರಿಸಿದರು: ಯಂತ್ರ ದೊಡ್ಡದಾದಾಗ ಜನ ಅದೇ ಲೆಕ್ಕವನ್ನು ಬೇಗ ಮುಗಿಸಿ ಮನೆಗೆ ಹೋಗುವುದಿಲ್ಲ, ಇನ್ನೂ ದೊಡ್ಡ ಲೆಕ್ಕ ತರುತ್ತಾರೆ. ಉಪಗ್ರಹ ಚಿತ್ರಗಳ ಚರಿತ್ರೆ ಗುಸ್ತಾಫ್ಸನ್ ಪರವಾಗಿದೆ. 1988ರ ಮಾರ್ಚ್ 17ರಂದು ಹಾರಿದ ಐಆರ್‌ಎಸ್-1ಎ ಉಪಗ್ರಹದ ಲಿಸ್-1 ಕ್ಯಾಮೆರಾದ ಒಂದು ಚುಕ್ಕೆ ನೆಲದ ಮೇಲೆ 72.5 ಮೀಟರ್, ಒಂದು ಚದರ ಕಿಲೋಮೀಟರಿಗೆ ಸುಮಾರು 190 ಚುಕ್ಕೆ. ರಿಸೋರ್ಸ್‌ಸ್ಯಾಟ್-2ರ (2011) ಲಿಸ್-4ರಲ್ಲಿ ಚುಕ್ಕೆ 5.8 ಮೀಟರ್; ಅದೇ ಚದರ ಕಿಲೋಮೀಟರಿಗೆ 29,700.

ವಿದರ್ಭದ ಲೆಕ್ಕ

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಯಾರಿಗಾದರೂ ಪುಕ್ಕಟೆ ಸಿಗುತ್ತವೆ. ಮೊದಲನೆಯದು 2015ರ ಜೂನಿನಲ್ಲಿ, ಎರಡನೆಯದು 2017ರ ಮಾರ್ಚಿನಲ್ಲಿ ಹಾರಿತು. ಇಂಥ ಎರಡು ಉಪಗ್ರಹ ಸೇರಿ ಒಂದೇ ಜಾಗವನ್ನು ಐದು ದಿನಕ್ಕೊಮ್ಮೆ ನೋಡುತ್ತವೆ. ಚಿತ್ರವನ್ನು ಸುಮಾರು 110 ಕಿ.ಮೀ. ಬದಿಯ ಚೌಕಗಳಾಗಿ, ಅಂದರೆ ಟೈಲುಗಳಾಗಿ, ಕೊಡುತ್ತಾರೆ. ಒಂದು ಟೈಲಿನಲ್ಲಿ 13 ಬ್ಯಾಂಡ್, ಅಂದರೆ ಬೆಳಕಿನ ಬೇರೆಬೇರೆ ಅಲೆಯುದ್ದದ ಪಟ್ಟಿಗಳು, ಬ್ಯಾಂಡಿಗೊಂದು ಫೈಲು. ಹತ್ತು ಮೀಟರಿನ ಬ್ಯಾಂಡಿಗೆ ಅಡ್ಡಕ್ಕೂ ಉದ್ದಕ್ಕೂ 10,980 ಚುಕ್ಕೆ, ಒಟ್ಟು ಹನ್ನೆರಡು ಕೋಟಿ ಚಿಲ್ಲರೆ; ಚುಕ್ಕೆಗೆ ಎರಡು ಬೈಟ್‌ನಂತೆ ಬಿಚ್ಚಿದಾಗ 241 ಎಂಬಿ. ಇಂಥವು ನಾಲ್ಕು, 20 ಮೀಟರಿನವು ಆರು, 60 ಮೀಟರಿನವು ಮೂರು. ಬಿಚ್ಚಿದ ಟೈಲ್ ಒಂದಕ್ಕೆ ಹತ್ತಿರಹತ್ತಿರ 1.3 ಜಿಬಿ. ವಿದರ್ಭದ ಹನ್ನೊಂದು ಜಿಲ್ಲೆಗಳ ವಿಸ್ತೀರ್ಣ ಸುಮಾರು 97,000 ಚದರ ಕಿ.ಮೀ. ಹತ್ತೇ ಟೈಲು ಸಾಕು ಎಂದುಕೊಂಡರೂ (ಗಡಿ ವಕ್ರವಾಗಿರುವುದರಿಂದ ನಿಜಕ್ಕೂ ಹೆಚ್ಚು ಬೇಕು) ವರ್ಷಕ್ಕೆ 73 ಸಲದಂತೆ 9,490 ಫೈಲುಗಳಾಗುತ್ತವೆ. ಹತ್ತಿ, ಸೋಯಾ, ಕಿತ್ತಳೆ ತೋಟಗಳ ಹಸಿರನ್ನು ವಾರವಾರ ಹಿಂಬಾಲಿಸಬೇಕೆನ್ನುವವರ ಮುಂದಿರುವ ರಾಶಿ ಇದು.

ಹಸಿರಿನ ಅಳತೆಗೆ ಎಲ್ಲರೂ ಬಳಸುವುದು ಎನ್‌ಡಿವಿಐ ಸೂಚ್ಯಂಕ. ಅವಗೆಂಪು ಬ್ಯಾಂಡಿನ ಮೌಲ್ಯದಿಂದ ಕೆಂಪಿನದನ್ನು ಕಳೆದು, ಅವೆರಡರ ಮೊತ್ತದಿಂದ ಭಾಗಿಸುವುದು. ಒಂದು ಚುಕ್ಕೆಯ ಉತ್ತರಕ್ಕೆ ಪಕ್ಕದ ಚುಕ್ಕೆಯ ಹಂಗಿಲ್ಲ, ಒಂದು ಟೈಲಿಗೆ ಇನ್ನೊಂದರ ಹಂಗಿಲ್ಲ. ಏಕಕಾಲಿಕ ಸಂಸ್ಕರಣೆಗೆ ಇದಕ್ಕಿಂತ ಹದವಾದ ಕೆಲಸ ಸಿಗದು: ಫೈಲುಗಳ ಹೆಸರಿನ ಪಟ್ಟಿ ಮಾಡಿ, ಕೋರಿಗೊಂದು ಕೆಲಸಗಾರ ಪ್ರೊಸೆಸ್ ಎಬ್ಬಿಸಿ, ಬಿಡುವಾದವರು ಪಟ್ಟಿಯಿಂದ ಮುಂದಿನ ಹೆಸರು ಎತ್ತಿಕೊಳ್ಳಲು ಬಿಟ್ಟರೆ ಮುಗಿಯಿತು. ಪೈಥಾನ್‌ನಲ್ಲಿ ಇದಕ್ಕೆ ಹತ್ತು ಸಾಲು ಸಾಕು. ಶೆಲ್‌ನಲ್ಲಿ ಎಕ್ಸಾರ್ಗ್ಸ್ ಅಥವಾ ಗ್ನೂ ಪ್ಯಾರಲಲ್ ಬಳಸಿದರೆ ಒಂದೇ ಸಾಲು. ಕೆಲಸಗಾರರಿಗೆ ಚಿತ್ರವನ್ನಲ್ಲ, ಚಿತ್ರದ ಹೆಸರನ್ನು ಕಳಿಸಬೇಕು ಎಂಬುದನ್ನು ಮರೆಯಬಾರದು. ಒಂದು ಪ್ರೊಸೆಸ್‌ನಿಂದ ಇನ್ನೊಂದಕ್ಕೆ 241 ಎಂಬಿ ನಕಲು ಮಾಡಿ ಸಾಗಿಸುವಷ್ಟರಲ್ಲಿ ಲೆಕ್ಕವೇ ಮುಗಿದಿರುತ್ತದೆ.

ಮೊದಲು ಬೀಳುವ ಪೆಟ್ಟು ಮೆಮೊರಿಯದು. ಎರಡು ಬ್ಯಾಂಡ್ ಸೇರಿ 482 ಎಂಬಿ, ದಶಮಾಂಶದ ಉತ್ತರಕ್ಕೆ ಚುಕ್ಕೆಗೆ ನಾಲ್ಕು ಬೈಟ್‌ನಂತೆ ಇನ್ನೊಂದು 482 ಎಂಬಿ, ಭಾಗಾಕಾರಕ್ಕೆ ಮುಂಚೆ ಎರಡೂ ಬ್ಯಾಂಡುಗಳನ್ನು ದಶಮಾಂಶಕ್ಕೆ ತಿರುಗಿಸಿದರೆ ಮತ್ತೆ ಅದರ ಎರಡರಷ್ಟು. ಒಬ್ಬ ಕೆಲಸಗಾರನಿಗೆ ಎರಡು ಜಿಬಿ ಹತ್ತಿರವಾಯಿತು. ಹದಿನಾರು ಜಿಬಿಯ ಯಂತ್ರದಲ್ಲಿ ಎಂಟು ಜನರನ್ನು ಇಳಿಸಿದರೆ ಮೆಮೊರಿ ತುಂಬಿ, ಉಳಿದದ್ದನ್ನು ಸಿಸ್ಟಂ ಡಿಸ್ಕಿಗೆ ಇಳಿಸತೊಡಗುತ್ತದೆ. ಅಲ್ಲಿಂದ ಮುಂದೆ ಎಲ್ಲರೂ ತೆವಳುತ್ತಾರೆ. ಇಡೀ ಟೈಲನ್ನು ಒಮ್ಮೆಲೇ ಎಳೆಯದೆ ಕಿಟಕಿ ಕಿಟಕಿಯಾಗಿ ಓದುವುದು ಇದಕ್ಕೆ ಮದ್ದು. ಹತ್ತು ಮೀಟರಿನ ಬ್ಯಾಂಡ್ ಒಳಗೇ 1,024 ಚುಕ್ಕೆ ಬದಿಯ ತುಂಡುಗಳಾಗಿ ಕಟ್ಟಿರುತ್ತದೆ. ಅಡ್ಡಕ್ಕೆ ಹನ್ನೊಂದು, ಉದ್ದಕ್ಕೆ ಹನ್ನೊಂದು, ಒಟ್ಟು 121. ತುಂಡಿಗೆ ಎರಡು ಎಂಬಿ. ಓದುವ ಕಿಟಕಿಯನ್ನು ಈ ತುಂಡುಗಳ ಅಂಚಿಗೆ ಹೊಂದಿಸದಿದ್ದರೆ ಒಂದೇ ತುಂಡನ್ನು ನಾಲ್ಕು ಸಲ ಬಿಚ್ಚಬೇಕಾಗುತ್ತದೆ.

ಇನ್ನೊಂದು ತೊಡಕು ನಾಗಪುರಕ್ಕೆ ವಿಶೇಷವಾಗಿ ಅಂಟಿಕೊಂಡದ್ದು. ಭೂಪಟಗಳನ್ನು ಆರಾರು ಡಿಗ್ರಿ ರೇಖಾಂಶದ ವಲಯಗಳಾಗಿ ಕತ್ತರಿಸುವ ಯುಟಿಎಂ ಪದ್ಧತಿಯಲ್ಲಿ 43 ಮತ್ತು 44ನೇ ವಲಯಗಳ ಗಡಿ 78 ಡಿಗ್ರಿ ಪೂರ್ವ. ಆ ಗೆರೆ ವಿದರ್ಭದ ನಡುವೆ ಹಾಯುತ್ತದೆ. ಅಕೋಲಾ, ಅಮರಾವತಿ 43ರಲ್ಲಿ. ವಾರ್ಧಾ, ನಾಗಪುರ, ಚಂದ್ರಾಪುರ 44ರಲ್ಲಿ. ಕರ್ನಾಟಕವೂ ಇದರಿಂದ ಪೂರ್ತಿ ಪಾರಾಗಿಲ್ಲ: ಬೆಂಗಳೂರು ಆಚೆ ದಡ, ಕೋಲಾರ ಈಚೆ ದಡ. ಗೆರೆಯ ಅಕ್ಕಪಕ್ಕದ ಹೊಲಗಳು ಎರಡೂ ವಲಯದ ಟೈಲುಗಳಲ್ಲಿ, ಬೇರೆಬೇರೆ ಜಾಲರಿಯಲ್ಲಿ ಕಾಣಿಸಿಕೊಳ್ಳುತ್ತವೆ. ಒಂದೇ ವಲಯದ ಪಕ್ಕಪಕ್ಕದ ಟೈಲುಗಳೂ ಸುಮಾರು ಹತ್ತು ಕಿ.ಮೀ. ಒಂದರ ಮೇಲೊಂದು ಹಾಸಿರುತ್ತವೆ. ಟೈಲುಗಳ ಲೆಕ್ಕವನ್ನು ಎಷ್ಟು ಜನರಿಗೆ ಹಂಚಿದರೂ, ಕೊನೆಗೆ ಜಿಲ್ಲಾವಾರು ಮೊತ್ತ ಹಾಕುವಾಗ ಈ ಹೊಲಗಳನ್ನು ಎರಡೆರಡು ಸಲ ಎಣಿಸದಂತೆ ಎಲ್ಲವನ್ನೂ ಒಂದೇ ಜಾಲರಿಗೆ ತಂದು ಹೊಲಿಯಬೇಕು. ಆಮ್ಡಾಲ್ ಹೇಳಿದ, ಹಂಚಲಾಗದ ಆ ಹತ್ತು ಪಾಲು ಸಾಮಾನ್ಯವಾಗಿ ಇಂಥ ಹೊಲಿಗೆಯಲ್ಲೇ ಅಡಗಿರುತ್ತದೆ. ಇಳಿಜಾರು ಲೆಕ್ಕ ಹಾಕುವುದು, ಚಿತ್ರವನ್ನು ನಯಗೊಳಿಸುವುದು ಮುಂತಾದ ಕೆಲಸಗಳಲ್ಲಿ ನೆರೆಯ ಚುಕ್ಕೆಗಳೂ ಬೇಕಾಗುವುದರಿಂದ ಪ್ರತಿ ತುಂಡಿನ ಸುತ್ತ ಒಂದಿಷ್ಟು ಅಂಚು ಸೇರಿಸಿ ಓದಿ, ಬರೆಯುವಾಗ ಬಿಟ್ಟುಬಿಡುತ್ತಾರೆ. ಮರೆತರೆ ನಕ್ಷೆಯ ಮೇಲೆ ಚೌಕುಳಿ ಬಟ್ಟೆಯಂಥ ಗೆರೆಗಳು ಮೂಡಿ ಗುಟ್ಟು ರಟ್ಟಾಗುತ್ತದೆ.

ಭಾಷೆಗಳು ಮತ್ತು ಸಲಕರಣೆಗಳು

ಪೈಥಾನ್‌ನ ಥ್ರೆಡ್ಡುಗಳು ಹೆಸರಿಗೆ ಹಲವಾದರೂ ಒಂದು ಜಾಗತಿಕ ಲಾಕಿನಿಂದಾಗಿ ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಸಾಲುಗಳನ್ನು ಓಡಿಸುತ್ತದೆ. ಅದಕ್ಕೇ ಎಣಿಸುವ ಕೆಲಸಕ್ಕೆ ಅಲ್ಲಿ ಪ್ರೊಸೆಸ್‌ಗಳನ್ನು ಹಿಡಿಯುತ್ತಾರೆ. ಓದು-ಬರಹಕ್ಕೆ ಕಾಯುವಾಗ, ಮತ್ತು ನಂಪೈಯಂಥ ಲೈಬ್ರರಿಗಳು ಒಳಗೆ ಸಿ ಭಾಷೆಯಲ್ಲಿ ದುಡಿಯುವಾಗ ಬಹಳ ಸಲ ಈ ಲಾಕ್ ಸಡಿಲವಾಗುವುದರಿಂದ ಥ್ರೆಡ್ಡುಗಳನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಎರಡಕ್ಕೂ ಒಂದೇ ಬಗೆಯ ಹಿಡಿಕೆ ಕೊಡುವ ಕಾನ್‌ಕರೆಂಟ್ ಫ್ಯೂಚರ್ಸ್ 2011ರ 3.2 ಆವೃತ್ತಿಯಲ್ಲಿ ಸೇರಿತು. ಲಾಕ್ ಇಲ್ಲದ ಪ್ರಾಯೋಗಿಕ ಪೈಥಾನ್ 2024ರ ಅಕ್ಟೋಬರಿನಲ್ಲಿ 3.13ರ ಜತೆ ಹೊರಬಂತು. ಥ್ರೆಡ್ಡುಗಳನ್ನು ಎಬ್ಬಿಸಿಟ್ಟುಕೊಂಡು ಅವಕ್ಕೆ ಕೆಲಸ ಹಂಚುವ ಥ್ರೆಡ್ ಪೂಲ್ ಜಾವಾದಲ್ಲಿ 2004ರಿಂದಲೇ ಇದೆ. 2023ರ ಜಾವಾ 21 ಹಗುರವಾದ ವರ್ಚುವಲ್ ಥ್ರೆಡ್ಡುಗಳನ್ನು ಕಾಯಂ ಮಾಡಿತು. ಟೋನಿ ಹೋರ್ 1978ರಲ್ಲಿ ಮುಂದಿಟ್ಟ ಚಿಂತನೆಯ ಜಾಡಿನಲ್ಲಿ ನಡೆದ ಗೋ ಭಾಷೆ ಗೋರುಟೀನ್ ಮತ್ತು ಚಾನೆಲುಗಳನ್ನು ಭಾಷೆಯ ಒಡಲಿಗೇ ಸೇರಿಸಿಕೊಂಡಿದೆ. ರಸ್ಟ್, ಇಬ್ಬರು ಒಂದೇ ದತ್ತಾಂಶವನ್ನು ಒಟ್ಟಿಗೆ ತಿದ್ದುವ ಪ್ರೋಗ್ರಾಮನ್ನು ಸಾಮಾನ್ಯವಾಗಿ ಕಂಪೈಲ್ ಮಾಡಲೇ ಒಪ್ಪುವುದಿಲ್ಲ. ಲಿನಕ್ಸ್‌ನಲ್ಲಿ 2019ರಲ್ಲಿ ಬಂದ ಐಒ-ಯೂರಿಂಗ್, ಕಾಯುವ ಥ್ರೆಡ್ಡುಗಳನ್ನು ಸಾಕದೆಯೇ ಡಿಸ್ಕಿಗೆ ರಾಶಿ ಆದೇಶ ಕೊಡುವ ದಾರಿ ತೆರೆಯಿತು.

ಭೂಚಿತ್ರಗಳ ಲೋಕದಲ್ಲಿ ಎಲ್ಲರೂ ನೆಚ್ಚಿರುವುದು ಫ್ರಾಂಕ್ ವಾರ್ಮರ್‌ಡ್ಯಾಮ್ ಆರಂಭಿಸಿದ ಜಿಡಾಲ್ ಲೈಬ್ರರಿಯನ್ನು. ತೆರೆದ ಒಂದೇ ಚಿತ್ರದ ಹಿಡಿಕೆಯನ್ನು ಹಲವು ಥ್ರೆಡ್ಡುಗಳು ಹಂಚಿಕೊಳ್ಳಬಾರದು, ಪ್ರತಿಯೊಬ್ಬರೂ ತಮ್ಮದನ್ನು ತಾವೇ ತೆರೆಯಬೇಕು ಎಂಬುದು ಅದರಲ್ಲಿ ಬಹುಕಾಲದ ನಿಯಮ. ಜಿಡಾಲ್ ತಾನೇ ಒಳಗೆ ಹಲವು ಥ್ರೆಡ್ ಎಬ್ಬಿಸಬಲ್ಲದು. ಎಂಟು ಪ್ರೊಸೆಸ್ ನಾವೆಬ್ಬಿಸಿ, ಪ್ರತಿಯೊಂದರೊಳಗೂ ಲೈಬ್ರರಿ ಎಂಟು ಥ್ರೆಡ್ ಎಬ್ಬಿಸಿದರೆ ಎಂಟು ಕೋರಿನ ಮೇಲೆ ಅರವತ್ತನಾಲ್ಕು ಮಂದಿ ನೂಕಾಡುತ್ತಾರೆ. ಒಂದು ಕಡೆ ಹೆಚ್ಚಿಸಿ ಇನ್ನೊಂದು ಕಡೆ ಒಂದಕ್ಕೆ ಇಳಿಸುವುದು ವಾಡಿಕೆ. ನಿತ್ಯದ ಫೈಲ್ ಕೆಲಸಗಳಲ್ಲಿ ಬಹುಪಾಲಿಗೆ ಸಾಮಾನ್ಯ ಪ್ರೊಸೆಸ್ ಪೂಲ್ ಮತ್ತು ಮಿತಿಯುಳ್ಳ ಒಂದು ಸರದಿ ಸಾಕು. ಅದಕ್ಕಿಂತ ಚತುರವಾದದ್ದು ಬೇಕು ಎನ್ನುವವರು ಮೊದಲು ಅಳತೆಯ ಅಂಕಿ ತೋರಿಸಲಿ.

ಸರದಿಗೆ ಮಿತಿ ಏಕೆಂದರೆ, ಓದುವವನು ಚುರುಕಾಗಿದ್ದು ಲೆಕ್ಕದವನು ನಿಧಾನಿಯಾದರೆ ಓದಿದ್ದೆಲ್ಲ ಮೆಮೊರಿಯಲ್ಲಿ ರಾಶಿ ಬೀಳುತ್ತದೆ. ಹಂಚುವ ಕ್ರಮದಲ್ಲೂ ಕಿವಿಮಾತೊಂದಿದೆ. ಉಪಗ್ರಹದ ಹಾದಿಯಂಚಿನ ಟೈಲುಗಳು ಅರ್ಧ ಖಾಲಿ, ಬೇಗ ಮುಗಿಯುತ್ತವೆ, ತುಂಬಿದವು ನಿಧಾನ. ದೊಡ್ಡದು ಕೊನೆಗೆ ಉಳಿದರೆ ಏಳು ಕೋರ್ ಕೈಕಟ್ಟಿ ಕೂತು ಎಂಟನೆಯದನ್ನು ಕಾಯುತ್ತವೆ. ದೊಡ್ಡದರಿಂದ ಆರಂಭಿಸಿದರೆ ಒಟ್ಟು ಸಮಯ ಅತ್ಯುತ್ತಮ ಹಂಚಿಕೆಯ ಮೂರನೆಯ ನಾಲ್ಕರಷ್ಟನ್ನು, ಅಂದರೆ 1.33 ಪಟ್ಟನ್ನು, ಎಂದೂ ಮೀರದು ಎಂದು ರೊನಾಲ್ಡ್ ಗ್ರಹಾಂ 1969ರಲ್ಲಿ ಸಾಧಿಸಿ ತೋರಿಸಿದ್ದಾರೆ.

ತಪ್ಪುಗಳು

ಓದುವುದನ್ನು ಹಂಚಿಕೊಳ್ಳುವುದು ಸುಲಭ, ಬರೆಯುವುದರಲ್ಲೇ ಜಗಳ. ಮುಗಿದ ಟೈಲುಗಳ ಎಣಿಕೆ 41 ಎಂದು ಇಬ್ಬರು ಒಂದೇ ಕ್ಷಣದಲ್ಲಿ ಓದುತ್ತಾರೆ, ಇಬ್ಬರೂ ಒಂದು ಕೂಡಿಸಿ 42 ಎಂದು ಬರೆಯುತ್ತಾರೆ; ಒಂದು ಟೈಲ್ ಲೆಕ್ಕದಿಂದ ಮಾಯ. ಲಾಕ್ ಹಾಕಿದರೆ ಇದು ನಿಲ್ಲುತ್ತದೆ. ಆದರೆ ಎರಡು ಲಾಕುಗಳನ್ನು ಇಬ್ಬರು ಅದಲುಬದಲು ಕ್ರಮದಲ್ಲಿ ಹಿಡಿದರೆ, ಒಬ್ಬರ ಕೈಯಲ್ಲಿರುವುದಕ್ಕೆ ಇನ್ನೊಬ್ಬರು ಕಾಯುತ್ತ ಇಬ್ಬರೂ ಅಲ್ಲೇ ನಿಲ್ಲುತ್ತಾರೆ. ಫೈಲ್ ಸಂಸ್ಕರಣೆಯಲ್ಲಿ ಇವೆರಡರಿಂದಲೂ ತಪ್ಪಿಸಿಕೊಳ್ಳುವ ದಾರಿಯೆಂದರೆ ಹಂಚಿಕೊಳ್ಳದಿರುವುದು: ಒಬ್ಬೊಬ್ಬರೂ ತಮ್ಮದೇ ಫೈಲಿಗೆ ಬರೆಯುವುದು, ಒಟ್ಟುಗೂಡಿಸುವ ಕೆಲಸ ಒಬ್ಬರದೇ ಆಗಿರುವುದು. ಸಂಕುಚಿತ ಟಿಫ್ ಫೈಲೊಂದಕ್ಕೆ ಹಲವು ಪ್ರೊಸೆಸ್‌ಗಳು ನೇರವಾಗಿ ಬರೆಯಹೊರಟರೆ ಫೈಲು ಕೆಡುತ್ತದೆ.

ನಡುರಾತ್ರಿ ಕರೆಂಟು ಹೋದರೆ ಅರ್ಧ ಬರೆದ ಫೈಲು ಪೂರ್ತಿಯಾದದ್ದರಂತೆಯೇ ಕಾಣುತ್ತದೆ. ಅದಕ್ಕೆ ಫಲಿತಾಂಶವನ್ನು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಡಿಸ್ಕಿಗೆ ಇಳಿದದ್ದು ಖಾತ್ರಿಯಾದ ಮೇಲೆ ನಿಜವಾದ ಹೆಸರಿಗೆ ಬದಲಿಸಬೇಕು. ಯುನಿಕ್ಸ್ ಮಾದರಿಯ ಸಿಸ್ಟಂಗಳಲ್ಲಿ ಒಂದೇ ಫೈಲ್ ಸಿಸ್ಟಂ ಒಳಗಿನ ಹೆಸರು ಬದಲಾವಣೆ ಒಂದೇ ಏಟಿಗೆ ಆಗುವಂಥದ್ದು. ಆಗ ಮರುದಿನ ಪ್ರೋಗ್ರಾಂ ಮತ್ತೆ ಎದ್ದಾಗ ನಿಜವಾದ ಹೆಸರು ಇರುವವನ್ನು ಬಿಟ್ಟು ಉಳಿದವನ್ನಷ್ಟೇ ಮಾಡುತ್ತದೆ.

ಸಾವಿರ ಫೈಲಿನಲ್ಲಿ ಒಂದು ಕೆಟ್ಟಿದ್ದರೆ ಉಳಿದ 999 ನಿಲ್ಲಬಾರದು, ಕೆಟ್ಟದ್ದು ಸದ್ದಿಲ್ಲದೆ ಒಳಗೂ ಸೇರಬಾರದು. 2024ರ ಮೇ ಕೊನೆಯಲ್ಲಿ ನಾಗಪುರದ ಸ್ವಯಂಚಾಲಿತ ಹವಾಮಾನ ಕೇಂದ್ರವೊಂದು 56 ಡಿಗ್ರಿ ಸೆಲ್ಸಿಯಸ್ ತೋರಿಸಿ ದೇಶವೆಲ್ಲ ಸುದ್ದಿಯಾಯಿತು. ಅದು ಸಂವೇದಕದ ದೋಷ ಎಂದು ಹವಾಮಾನ ಇಲಾಖೆ ತಿಳಿಸಿತು. ಸಂಸ್ಕರಣೆಯ ಸಾಲಿನಲ್ಲಿ ಮಿತಿ ನೋಡುವ ಒಂದು ಹಂತವಿದ್ದು, ಮೀರಿದ ದಾಖಲೆಗಳು ಬೇರೆ ಪಟ್ಟಿಗೆ ಬಿದ್ದು, ಮನುಷ್ಯರೊಬ್ಬರು ಆ ಪಟ್ಟಿ ನೋಡುವ ಏರ್ಪಾಟು ಬೇಕು. ಏಕಕಾಲಿಕ ಪ್ರೋಗ್ರಾಮುಗಳಲ್ಲಿ ಇದನ್ನು ಒತ್ತಿ ಹೇಳಬೇಕಾಗುತ್ತದೆ, ಏಕೆಂದರೆ ಕೆಲಸಗಾರ ಪ್ರೊಸೆಸ್‌ನೊಳಗೆ ಹುಟ್ಟಿದ ದೋಷವನ್ನು ಮುಖ್ಯ ಪ್ರೋಗ್ರಾಂ ಕೇಳಿ ಪಡೆಯದಿದ್ದರೆ ಅದು ಅಲ್ಲೇ ಹೂತುಹೋಗುತ್ತದೆ. ನಿಜವಾದ ಬೇಸಿಗೆಯೂ ಇಲ್ಲಿ ಕಡಿಮೆಯಲ್ಲ. ಮೇ ತಿಂಗಳಲ್ಲಿ ಊರು 45 ಡಿಗ್ರಿ ದಾಟುವುದು ಮಾಮೂಲು. ಕೋಣೆ ತಣ್ಣಗಿಲ್ಲದಿದ್ದರೆ ಎಲ್ಲ ಕೋರುಗಳೂ ಒಟ್ಟಿಗೆ ದುಡಿಯುವಾಗ ಪ್ರೊಸೆಸರ್ ಬಿಸಿಯೇರಿ ತನ್ನ ಗಡಿಯಾರವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಜನವರಿಯಲ್ಲಿ ಅಳೆದ ವೇಗ ಮೇನಲ್ಲಿ ಸಿಗದಿದ್ದರೆ ಪ್ರೋಗ್ರಾಮನ್ನು ತಿದ್ದುವ ಮೊದಲು ಎಸಿಯನ್ನು ನೋಡುವುದು ಒಳ್ಳೆಯದು.

ಫಲಿತಾಂಶ ಸರಿಯೇ ಎಂದು ನೋಡಲು ಅದೇ ಕೆಲಸವನ್ನು ಒಬ್ಬನೇ ಕೆಲಸಗಾರನಿಂದ ಮಾಡಿಸಿ ಹೋಲಿಸುವುದು ರೂಢಿ. ಟೈಲ್ ಟೈಲಿನ ಎನ್‌ಡಿವಿಐ ಚಿತ್ರಗಳು ಚುಕ್ಕೆಗೆ ಚುಕ್ಕೆ ಹೊಂದಬೇಕು. ಜಿಲ್ಲೆಯ ಮೊತ್ತಗಳು ಮಾತ್ರ ಕೊನೆಯ ದಶಮಾಂಶಗಳಲ್ಲಿ ಬೇರೆ ಬರಬಹುದು. ಕಂಪ್ಯೂಟರಿನ ದಶಮಾಂಶ ಸಂಕಲನದಲ್ಲಿ ಕೂಡಿಸುವ ಕ್ರಮ ಬದಲಾದರೆ ಉತ್ತರವೂ ಕೂದಲೆಳೆಯಷ್ಟು ಬದಲಾಗುತ್ತದೆ, ಯಾರು ಮೊದಲು ಮುಗಿಸುತ್ತಾರೆ ಎಂಬುದು ಪ್ರತಿ ಓಟಕ್ಕೂ ಬೇರೆ. ಅಂಕಿ ಅಂಕಿಯೂ ಒಂದೇ ಇರಬೇಕೆಂದರೆ ಬಂದ ಕ್ರಮದಲ್ಲಿ ಕೂಡಿಸದೆ ಟೈಲುಗಳ ಹೆಸರಿನ ಕ್ರಮದಲ್ಲಿ ಜೋಡಿಸಿಕೊಂಡು ಕೂಡಿಸಬೇಕು.